ಸಾವಕಾರರ ಕಟ್ಟೆಯ ಬಿಸಿಲು

ಹಾನಗಲ್ಲಿನ ಹಳೇ ಪೇಟೆ ಓಣಿಯಲ್ಲಿ ಹಿರೇತನ ಎಂಬುದು ಯಾರ ರಕ್ತದಲ್ಲಿಯೂ ಇರಲಿಲ್ಲ, ಯಾರ ತಿಜೋರಿಯಲ್ಲಿಯೂ ಇರಲಿಲ್ಲ. ಅದು ಒಂದು ಕಲ್ಲಿನ ಕಟ್ಟೆಯ ಮೇಲೆ ಇತ್ತು. ಈ ಮಾತು ಗೊತ್ತಿಲ್ಲದವನು ಇಡೀ ಓಣಿಗೆ ಒಬ್ಬನೇ, ಆ ಕಟ್ಟೆಯ ಧಣಿ ಕುಬೇರಪ್ಪ ಸಾವಕಾರ.

ಕಟ್ಟೆ ಅವನ ಅಜ್ಜ ಹಾಕಿಸಿದ್ದು. ಮನೆ ಮೂಡಣ ಮುಖದ್ದು. ದಾರಿಯ ಆಚೆಗೆ ಎದುರಾಗಿ ಅವರದೇ ವಖಾರಿ, ತಗ್ಗು ಹಂಚಿನದು, ಹತ್ತಿಯ ಅಂಡಿಗೆ ಒಟ್ಟುವುದಕ್ಕೆ ಕಟ್ಟಿದ್ದು. ದೀಪಾವಳಿ ಕಳೆದ ಮೇಲೆ ಹಾನಗಲ್ಲಿಗೆ ಬರುವ ಥಂಡಿಯೇ ಒಂದು ಬೇರೆ ಜಾತಿಯದು. ಅದು ಮಲೆನಾಡಿನದೂ ಅಲ್ಲ, ಬಯಲುಸೀಮೆಯದೂ ಅಲ್ಲ. ಇಬ್ಬರೂ ತಮಗೆ ಬೇಡವೆಂದು ಬಿಸಾಕಿದ್ದು ಇಲ್ಲಿ ಬಂದು ಕೂಡುತ್ತದೆ. ಮುದುಕರ ಕೀಲು ಕೀಲಿಗೆ ಇಳಿದು ಕೂಡುತ್ತದೆ. ಅಂಥ ಹೊತ್ತಿನಲ್ಲಿ ಓಣಿಯ ಮೊದಲನೇ ಬಿಸಿಲು ವಖಾರಿಯ ಹಂಚು ದಾಟಿ ನೆಟ್ಟಗೆ ಈ ಕಟ್ಟೆಗೆ ಬೀಳುತ್ತಿತ್ತು. ಬೆನ್ನಿಗೆ ದಪ್ಪ ಮಣ್ಣಿನ ಗೋಡೆ, ಕೆಳಗೆ ಕಾದ ಕಲ್ಲು. ಇನ್ನೇನು ಬೇಕು? ಓಣಿಯ ಹಿರಿಯರೆಲ್ಲ ಕಂಬಳಿ ಹೊದ್ದುಕೊಂಡು ಬಂದು ಸಾಲಾಗಿ ಕೂಡುತ್ತಿದ್ದರು.

ಕುಂತ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಬದುವಿನ ತಕರಾರು, ಅಣ್ಣತಮ್ಮಂದಿರ ಪಾಲು, ಹೆಣ್ಣು ಗಂಡಿನ ಮಾತು, ಎಲ್ಲ ಅಲ್ಲಿಯೇ. ಬೇಸಿಗೆಯ ಲಗ್ನಗಳೆಲ್ಲ ಗೊತ್ತಾಗುವುದು ಥಂಡಿಯ ದಿನಗಳಲ್ಲಿ, ಆ ಬಿಸಿಲಿನಲ್ಲಿ. ಹೀಗಾಗಿ ಓಣಿಯಲ್ಲಿ ಒಂದು ಪದ್ಧತಿ ಬಿತ್ತು. ಯಾರ ಕಟ್ಟೆಯ ಮೇಲೆ ಹಿರಿಯರು ಕೂಡುತ್ತಾರೋ ಆ ಮನೆಯ ಕೈಗೆ ಮೊದಲ ವೀಳ್ಯ. ಬೀಗರು ತಂದ ಎಲೆಅಡಿಕೆಯ ತಟ್ಟೆಯನ್ನು ಆ ಮನೆಯವರು ಮುಟ್ಟಿ, ನಾಲ್ಕು ಮಾತಾಡಿದ ಮೇಲೆಯೇ ಸಂಬಂಧ ಕುದುರಿದಂತೆ. ಅಜ್ಜ ಮುಟ್ಟಿದ. ಅಪ್ಪ ಮುಟ್ಟಿದ. ಬೆಚ್ಚಗಿದ್ದದ್ದು ಕಲ್ಲು, ಆದರೆ ತಮ್ಮ ಮನೆತನವೇ ಅಷ್ಟು ಬೆಚ್ಚಗಿದೆ ಎಂದು ಸಾವಕಾರರ ಮನೆಯವರು ತಿಳಿದುಕೊಂಡರು. ಯಾರೂ ಅಲ್ಲ ಅನ್ನಲಿಲ್ಲ. ಅಲ್ಲ ಅನ್ನುವುದಕ್ಕೆ ಎದ್ದು ಹೋಗಬೇಕು, ಎದ್ದರೆ ಜಾಗ ಹೋಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಹಿರೇತನ ಕುಬೇರಪ್ಪನ ಪಾಲಿಗೆ ಬಂತು. ಬಂತು ಎಂದರೆ ಬಾಯಿಮಾತಿಗೆ ಬಂತು. ವೀಳ್ಯದ ತಟ್ಟೆ ಇನ್ನೂ ಅವನ ಕೈಗೆ ಬಂದಿರಲಿಲ್ಲ. ಕಟ್ಟೆಯ ಹಿರಿಯರಲ್ಲೊಬ್ಬನಾದ ಗುದ್ಲೆಪ್ಪನ ಮೊಮ್ಮಗಳು ನೀಲಾಳಿಗೆ ಹಿರೇಕೆರೂರಿನ ಕಡೆಯಿಂದ ಮಾತು ನಡೆದಿತ್ತು. ಅದೇ ಅವನ ಮೊದಲ ವೀಳ್ಯವಾಗಬೇಕು. ಮುಂಜಾನೆ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯ ಮುಂದೆ ಅಪ್ಪನ ಹಾಗೆ ಕೆಮ್ಮಿ, ಅಪ್ಪನ ಹಾಗೆ ದನಿ ಎಳೆದು, ಹೇಳಬೇಕಾದ ಮಾತು ಹೇಳಿ ನೋಡುತ್ತಿದ್ದ.

ಹೆಂಡತಿ ಸರೋಜವ್ವ ಒಳಗಿನಿಂದ ಕೂಗುತ್ತಿದ್ದಳು: "ಕನ್ನಡಿಗೆ ಹೆಣ್ಣ ಕೊಡಾಕತ್ತೀರೇನ್ರಿ? ನೀರ ಆರಾಕತ್ತಾವ, ಜಳಕಾ ಮಾಡಬರ್ರಿ."

ಆದರೆ ಬರಿಯ ಕಟ್ಟೆಯಿಂದ ಹಿರೇಕೆರೂರಿನವರ ಕಣ್ಣು ಕುಕ್ಕುವುದಿಲ್ಲ ಎಂದು ಕುಬೇರಪ್ಪನಿಗೆ ಅನ್ನಿಸಿತು. ಎದುರಿನ ವಖಾರಿ ಕೆಡವಿದ. ಮೂರು ಅಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸಿದ. ಅದಕ್ಕೆ ವಾಸ್ತು ನೋಡಲು ಸವಣೂರಿನಿಂದ ಒಬ್ಬ ಬಂದ. ಅವನು ದಿಕ್ಸೂಚಿ ಹಿಡಿದು ಅಂಗಳದಲ್ಲಿ ತಿರುಗಿ ತಿರುಗಿ, ತಲೆ ಸುತ್ತಿದ ಮೇಲೆ ನಿಂತು ಹೇಳಿದ:

"ಲಕ್ಷ್ಮಿ ಮೂಡಣದಿಂದ ಬರ್ತಾಳ್ರೀ ಸಾವಕಾರ್ರ. ಇಷ್ಟು ದೊಡ್ಡ ಗೋಡಿ ಅಡ್ಡ ಇಟ್ರ ಆಕಿ ಹೊಳ್ಳಿ ಹೋಗ್ತಾಳ. ನಡಬರಕ ಒಂದು ದಾರಿ ಬಿಡ್ರಿ, ನಿಮ್ಮ ತಲಬಾಗಲಕ್ಕ ನೆಟ್ಟಗ."

ಬಿಟ್ಟ. ಕಟ್ಟಡದ ಹೊಟ್ಟೆಯಲ್ಲಿ ಚಕ್ಕಡಿ ಹಾಯುವಷ್ಟು ಅಗಲದ ದಾರಿ, ಆಚೆಯ ಬಯಲಿನಿಂದ ಈಚೆಯ ಕಟ್ಟೆಯ ತನಕ ಕೊಳವೆಯ ಹಾಗೆ. ನೆತ್ತಿಯ ಮೇಲೆ ಶಿಗ್ಗಾಂವಿಯಲ್ಲಿ ಮಾಡಿಸಿದ ಆಳೆತ್ತರದ ಸ್ಟೀಲಿನ ಅಕ್ಷರಗಳು, ಒಂದೊಂದನ್ನೂ ಸರಳಿನ ಮೇಲೆ ನಿಲ್ಲಿಸಿದ್ದು: ಕುಬೇರಪ್ಪ ಸಾವಕಾರ ಕಾಂಪ್ಲೆಕ್ಸ್.

ದೀಪಾವಳಿ ಕಳೆಯಿತು. ಲಕ್ಷ್ಮಿ ಬಂದಳೋ ಇಲ್ಲವೋ ಸಾವಕಾರನಿಗೇ ಗೊತ್ತು. ಮೂಡಗಾಳಿ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಆಚೆಯ ಬಯಲೆಲ್ಲ ಅಡ್ಡಾಡಿ ಬಂದ ಗಾಳಿ ಆ ಕೊಳವೆಯ ಬಾಯಿಗೆ ಹೊಕ್ಕು, ಈಚೆ ಹೊರಬೀಳುವಾಗ ಕಟ್ಟೆಯ ಮೇಲೆ ಕುಂತವರ ಎದೆಗೆ ಒದ್ದ ಹಾಗೆ ಬಡಿಯುತ್ತಿತ್ತು. ಬಿಸಿಲಂತೂ ಮೂರು ಅಂತಸ್ತು ಹತ್ತಿ ಇಳಿಯಬೇಕಲ್ಲ. ಕಟ್ಟೆಗೆ ಮುಟ್ಟುವ ಹೊತ್ತಿಗೆ ಮನೆಮನೆಯಲ್ಲಿ ರೊಟ್ಟಿ ಬಡಿದು ಮುಗಿದಿರುತ್ತಿತ್ತು.

ಹಿರಿಯರು ಒಮ್ಮೆಲೇ ಎದ್ದು ಹೋಗುವ ಜಾತಿಯವರಲ್ಲ. ನೆರಳಿನಲ್ಲಿಯೇ ಕುಂತರು. ಕುಂತು ನಡುಗಿದರು. ನಡುಗುತ್ತ ಕಾಂಪ್ಲೆಕ್ಸನ್ನು ಹೊಗಳಿದರು. ಬಿಸಿಲು ಕಟ್ಟಡದ ನೆತ್ತಿಗೆ ಏರಿದಾಗ ಆ ಸ್ಟೀಲಿನ ಅಕ್ಷರಗಳ ನಡುವಿನ ಸಂದಿನಿಂದ ಕಟ್ಟೆಯ ಮೇಲೆ ಚೂರು ಚೂರು ಬೆಳಕು ಬೀಳುತ್ತಿತ್ತು. ಮುದುಕರು ಅದರ ಬೆನ್ನು ಹತ್ತಿದರು. ಗುದ್ಲೆಪ್ಪ ಒಂದು ಸಂದಿನಲ್ಲಿ ಬೆನ್ನು ಇಡುತ್ತಿದ್ದ, ಶಿದ್ಲಿಂಗಪ್ಪ ಪಕ್ಕದ ಸಂದಿನಲ್ಲಿ ಮೊಣಕಾಲು ಇಡುತ್ತಿದ್ದ. ಬೆಳಕು ಸರಿದ ಹಾಗೆ ಇಬ್ಬರೂ ಕುಂತಲ್ಲಿಯೇ ತೆವಳುತ್ತಿದ್ದರು.

"ಸ್ವಲ್ಪ ಸರಿಯೋ ಗುದ್ಲ್ಯಾ, ಅದು ನನ್ನ ಅಕ್ಷರ."

"ನಿನ್ನದು ದೊಡ್ಡದೈತಲ್ಲೋ, ಕಾಲ ಬ್ಯಾರೆ ಚಾಚಿ ಕುಂತಿ. ನನ್ನದ್ರಾಗ ಅರ್ಧಾ ಬೆನ್ನ ಸೈತ ಹಿಡಿಯಂಗಿಲ್ಲ."

ಓಣಿಯ ಹೆಂಗಸರು ನೀರಿಗೆ ಹೋಗುವಾಗ ಕೇಳುತ್ತಿದ್ದರು: "ಯಜ್ಜಾ, ಇವತ್ತ ಯಾವ ಅಕ್ಷರದಾಗ ಇಳಕೊಂಡೀರಿ?"

ಕುಬೇರಪ್ಪ ಬಾಗಿಲಲ್ಲಿ ನಿಂತು ಇದನ್ನು ನೋಡಿ ಹಿಗ್ಗಿದ. ಇಡೀ ಓಣಿ ತನ್ನ ಹೆಸರಿನಲ್ಲಿ ಕೂಡುತ್ತದೆ ಎಂದರೆ ಸಣ್ಣ ಮಾತೇ?

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಕಟ್ಟೆಯಲ್ಲಿ ಮಂದಿ ಕಡಿಮೆಯಾದರು. ಸಾವಕಾರನ ಮುಂದೆ ಥಂಡಿ ಎಂದು ಹೇಳುವುದು ಹೇಗೆ? ಆದ್ದರಿಂದ ಒಬ್ಬನ ಎಮ್ಮೆ ಈಯಲಿಕ್ಕೆ ಬಂತು, ಇನ್ನೊಬ್ಬನಿಗೆ ಡಾಕ್ಟರು ಅಡ್ಡಾಡು ಅಂದರು, ಮತ್ತೊಬ್ಬನ ಹೊಲಕ್ಕೆ ಮಂಗ ಹೊಕ್ಕವು. ಆ ವರ್ಷ ಓಣಿಯಲ್ಲಿ ಅಷ್ಟು ಎಮ್ಮೆಗಳು ಒಮ್ಮೆಲೇ ಈಯಲು ನಿಂತದ್ದು ಹಿಂದೆಂದೂ ಇರಲಿಲ್ಲ.

ಕುಬೇರಪ್ಪ ಉಪಾಯ ಮಾಡಿದ. ಕಟ್ಟೆಯ ಪಕ್ಕ ಅಗ್ಗಿಷ್ಟಿಕೆ ಇಡಿಸಿದ; ಗಾಳಿ ಅದರ ಹೊಗೆಯನ್ನೆಲ್ಲ ಎತ್ತಿ ಮುದುಕರ ಕಣ್ಣಿಗೆ ತುಂಬಿತು. ಹೊಸ ಕಂಬಳಿ ಹಂಚಿದ. ಅವರು ಅವನ್ನು ಹೊದ್ದುಕೊಂಡು ಮನೆಗೆ ಹೋಗಿ ಮಲಗಿದರು. ಕೊನೆಗೆ ಕೊಳವೆಯ ಬಾಯಿಗೆ ತಾಡಪತ್ರಿ ಕಟ್ಟಿಸಿದ. ಇದು ಸವಣೂರಿಗೆ ಗೊತ್ತಾಗಿ ವಾಸ್ತುವಿನವನ ಫೋನು ಬಂತು.

"ಸಾವಕಾರ್ರ, ಲಕ್ಷ್ಮಿ ಮುಖಕ್ಕ ತಾಡಪತ್ರಿ ಹೊದಸ್ತಾರೇನ್ರಿ ಯಾರರ?"

"ಮತ್ತ ಗಾಳಿಗೆ ಏನ ಮಾಡ್ಲಿ?"

ಅವನು ಪಂಚಾಂಗ ತಿರುವಿದ. ನಂತರ, ಉಳಿದ ದಿನ ಕಟ್ಟಿರಲಿ, ಶುಕ್ರವಾರ ಮತ್ತು ಶುಭಕಾರ್ಯದ ದಿನ ಮಾತ್ರ ಬಿಚ್ಚಿರಿ, ಆಕೆ ಹೇಗೂ ಆ ದಿನಗಳಲ್ಲೇ ಬರುವವಳು ಎಂದು ಅಪ್ಪಣೆ ಕೊಟ್ಟ. ಕುಬೇರಪ್ಪನಿಗೆ ಈ ಒಪ್ಪಂದ ಹಿಡಿಸಿತು. ಗಾಳಿ ನಿಂತಿತು. ಬಿಸಿಲಿಗೆ ಮಾತ್ರ ಯಾವ ತಾಡಪತ್ರಿಯೂ ಇರಲಿಲ್ಲ.

ಅಷ್ಟರಲ್ಲಿ ಅಕ್ಕನ ಮಗ ಪ್ರಭು ಕಾಲೇಜಿನ ಸೂಟಿಗೆ ಊರಿಗೆ ಬಂದ. ಪ್ರಭು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಕಟ್ಟಡದ ವಿದ್ಯೆ ಕಲಿಸುವವನು. ಹಿಮ ಬೀಳುವ ಒಂದು ದೇಶಕ್ಕೆ ಹೋಗಿ, ಥಂಡಿ ಊರುಗಳಲ್ಲಿ ಬೀದಿ, ಚೌಕ, ಮನೆ ಹೇಗೆ ಕಟ್ಟಿದರೆ ಹೊರಗೆ ಕುಂತ ಮಂದಿಗೆ ಹಿತವಾಗುತ್ತದೆ ಎಂಬುದನ್ನೇ ಓದಿ ಬಂದಿದ್ದ. ಅದಕ್ಕೆ ಡಾಕ್ಟರೇಟೂ ಸಿಕ್ಕಿತ್ತು.

ಸರೋಜವ್ವನಿಗೆ ಒಂದು ಅನುಮಾನ. "ಅಲ್ಲೋ ಪ್ರಭು, ಹಿಮ ಬೀಳೂ ಊರಾಗ ಮಂದಿ ಹೊರಗ್ಯಾಕ ಕುಂದರ್ತಾರ? ಮನ್ಯಾಗ ಒಲಿ ಇಲ್ಲೇನು ಅವರಿಗೆ?"

"ಒಲಿ ಐತಿ ಅತ್ತಿ. ಆದ್ರ ತಿಂಗಳಾನಗಟ್ಟಲೆ ಒಳಗ ಕುಂತ್ರ ತಲಿ ಕೆಟ್ಟ ಹೊಕ್ಕೈತಿ. ಅಂಗೈಯಷ್ಟು ಬಿಸಲ ಬಿದ್ರೂ ಸಾಕು, ಬೆಂಚ ಹಿಡದು ಕುಂದರ್ತಾರ. ಅಲ್ಲಿ ಕೆಲವು ಊರಾಗ ಕಾಯ್ದೆನ ಐತಿ, ಮಂದಿ ಕೂಡೂ ಚೌಕದ ಬಿಸಲಿಗೆ ಅಡ್ಡ ಎತ್ತರ ಕಟ್ಟಂಗಿಲ್ಲ ಅಂತ."

"ಎಷ್ಟ ಶಾಣ್ಯಾ ಮಂದಿ," ಎಂದು ಸರೋಜವ್ವ ಗಂಡನ ಕಡೆ ನೋಡಿದಳು. ಗಂಡ ಚಾವಣಿಯ ಕಡೆ ನೋಡಿದ.

ಪ್ರಭು ಕಟ್ಟೆಯ ಮೇಲೆ ಮೂರು ಕಾಲಿನ ಒಂದು ಕೋಲು ನಿಲ್ಲಿಸಿದ. ಅದರ ತುದಿಗೆ ಒಂದು ಕರಿಯ ಚೆಂಡು, ಪಕ್ಕದಲ್ಲಿ ಗಾಳಿಗೆ ಗಿರಗಿರ ತಿರುಗುವ ಸಣ್ಣ ಬಟ್ಟಲುಗಳು. ದೃಷ್ಟಿಗೆ ಕಟ್ಟಿದ್ದೆಂದು ತಿಳಿದು ಯಾರೋ ಅದಕ್ಕೊಂದು ಲಿಂಬೆಹಣ್ಣು ಏರಿಸಿ ಹೋದರು. ಪ್ರಭು ತಾಡಪತ್ರಿ ಬಿಚ್ಚಿಸಿ ನೋಡಿದ, ಕಟ್ಟಿಸಿ ನೋಡಿದ. ದಾರಿಯ ಅಗಲ ಅಳೆದ, ಕಟ್ಟಡದ ಎತ್ತರ ಅಳೆದ. ಸಂಜೆಗೆ ಹೇಳಿದ:

"ಮಾಮಾ, ನಿನ್ನ ಕಾಂಪ್ಲೆಕ್ಸ್ ಪುಸ್ತಕದಾಗ ಬರದಿಟ್ಟಂಗ ಐತಿ ನೋಡ."

ಕುಬೇರಪ್ಪ ಮೀಸೆಯ ಮೇಲೆ ಕೈ ಹಾಕಿದ. "ಹೌದಲ್ಲ?"

"ಹೌದು. ಹೆಂಗ ಕಟ್ಟಬಾರದು ಅನ್ನೂ ಪಾಠದಾಗ."

ಮೀಸೆಯ ಮೇಲಿನ ಕೈ ಅಲ್ಲಿಯೇ ನಿಂತಿತು.

"ದಾರಿ ಸಣ್ಣದು, ಎದುರಿಗೆ ಎತ್ತರ, ಥಂಡಿ ದಿನದ ಸೂರ್ಯ ತಗ್ಗಿನಾಗ ಇರ್ತಾನ. ಸಾಲದ್ದಕ್ಕ ನಡುವ ಒಂದು ತೂತ. ಗಾಳಿ ಅದ್ರಾಗ ಹೊಕ್ಕರ ಜೋರ ಅಕ್ಕೈತಿ. ಆದ್ರ ಮಾಮಾ, ನಮ್ಮ ಶಾಸ್ತ್ರದಾಗ ಯಂತ್ರಕ್ಕಿಂತ ಮಂದಿ ದೊಡ್ಡವರು. ಕುಂತವರಿಗೆ ಏನ ಅನಸ್ತೈತಿ ಅಂತ ಅವರನ್ನ ಕೇಳಬೇಕು. ಅವರು ಹಿತ ಅಂದ್ರ ಹಿತ."

ಕುಬೇರಪ್ಪನಿಗೆ ಜೀವ ಬಂತು. ಮರುದಿನ ಹಿರಿಯರನ್ನೆಲ್ಲ ಮನೆಮನೆಗೆ ಹೇಳಿಕಳಿಸಿ ಕರೆಸಿದ. ಕಟ್ಟೆಯ ಮೇಲೆ ಜಮಖಾನೆ ಹಾಸಿಸಿದ. ಪ್ರಭು ಕೇಳುವ ಮೊದಲೇ ಎಲ್ಲರಿಗೂ ಬಿಸಿ ಬಿಸಿ ಚಹಾ, ಒಗ್ಗರಣೆ ಮಂಡಕ್ಕಿ, ಮಿರ್ಚಿ. ತಪ್ಪಾದದ್ದು ಅಲ್ಲಿ. ಆ ಓಣಿಯಲ್ಲಿ ಒಬ್ಬರ ಮನೆಯ ಚಹಾ ಹೊಟ್ಟೆಯಲ್ಲಿ ಇರುವ ತನಕ ಆ ಮನೆಯ ಬಗ್ಗೆ ಒಂದು ಹಗುರ ಮಾತು ಆಡುವುದಿಲ್ಲ. ಇಳಿದ ಮೇಲೆ ಎಷ್ಟು ಬೇಕಾದರೂ ಆಡುತ್ತಾರೆ, ಅದು ಬೇರೆ.

ಪ್ರಭು ಗುದ್ಲೆಪ್ಪನ ಮುಂದೆ ಕುಂತು ಕೇಳಿದ: "ಯಜ್ಜಾ, ಖರೇ ಹೇಳ್ರಿ. ಇಲ್ಲಿ ಕುಂತ್ರ ಬಾಳ ಥಂಡಿ ಅನಸ್ತೈತೋ, ಸ್ವಲ್ಪ ಥಂಡೀನೋ, ಹಿತ ಐತೋ, ಇಲ್ಲಾ ಶೆಕಿ ಅಕ್ಕೈತೋ?"

ಗುದ್ಲೆಪ್ಪನ ಕೈಯಲ್ಲಿನ ಕಪ್ಪು ಬಸಿಯ ಮೇಲೆ ಕಟಕಟ ಎನ್ನುತ್ತಿತ್ತು. ಅವನು ಅದನ್ನು ಎರಡೂ ಕೈಯಿಂದ ಅವುಚಿ ಹಿಡಿದು, "ಸಾವಕಾರ್ರ ಕಟ್ಟಿ ಮ್ಯಾಲ ಥಂಡಿ ಎಲ್ಲಿಂದ ಬರಬೇಕ್ರಿ ಸಾಹೇಬ್ರ? ಹಿತ ಅಂದ್ರ ಹಿತ," ಎಂದ.

ಶಿದ್ಲಿಂಗಪ್ಪ ಎರಡು ಮಿರ್ಚಿ ತಿಂದವನು. ಗುದ್ಲೆಪ್ಪನಿಗಿಂತ ಕಡಿಮೆ ಹೇಳುವುದು ಅವನಿಗೆ ಸರಿ ಕಾಣಲಿಲ್ಲ. ಮೂಗು ಒರೆಸಿಕೊಳ್ಳುತ್ತ, "ನನಗ ಸ್ವಲ್ಪ ಶೆಕೀನ ಅನಸ್ತೈತ್ರಿ. ಹಂಗ ಬರಕೋರಿ," ಎಂದ.

ಉಳಿದವರೂ ಅದನ್ನೇ ಹೇಳಿದರು. ಒಬ್ಬನಂತೂ ಕಂಬಳಿಯೊಳಗಿಂದ ಮುಖ ಸಹಿತ ಹೊರಗೆ ತೆಗೆಯದೆ, ಹೀಗೇ ಶೆಕೆ ಮುಂದುವರಿದರೆ ಬೇಸಿಗೆಯಲ್ಲಿ ಹೇಗೋ ಎಂದು ಚಿಂತೆ ಪಟ್ಟ.

ಪ್ರಭು ಎಲ್ಲ ಕೂಡಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ. "ಮಾಮಾ, ಎಲ್ಲಾರೂ ಹಿತ ಐತಿ ಅಂದಾರ. ಯಂತ್ರ ಹದಿನಾಲ್ಕ ಡಿಗ್ರಿ ತೋರಸ್ತೈತಿ. ಅಲ್ಲಿ ಹದಿನಾಲ್ಕ ಬಂದ್ರ ಮಂದಿ ಅಂಗಿ ಕಳದ ಒಗದು ಐಸ್ಕ್ರೀಮ್ ತಿಂತಾರ."

"ಹಂಗಂದ್ರ ನನ್ನ ಕಟ್ಟಿ?"

"ಲೆಕ್ಕದ ಪ್ರಕಾರ ಸುಖದ ಜಾಗಾ."

"ಮತ್ತ ನಿನ್ನೆ ಪುಸ್ತಕದ ಮಾತು ಅಂದ್ಯಲ್ಲ?"

"ಪುಸ್ತಕ ತಪ್ಪಿರಬೇಕು ಮಾಮಾ. ಇದನ್ನ ನಾ ಮುಂದಿನ ಸಭಾದಾಗ ಹೇಳಾಂವ ಅದೇನಿ," ಎಂದು ಪ್ರಭು ಕೋಲು ಮಡಚಿಕೊಂಡು, ಲಿಂಬೆಹಣ್ಣನ್ನೂ ಕಿಸೆಗೆ ಹಾಕಿಕೊಂಡು ಹುಬ್ಬಳ್ಳಿಗೆ ಹೋದ.

ಸರೋಜವ್ವ ಕಪ್ಪು ಬಸಿ ಎತ್ತುತ್ತ ಅಂದಳು: "ಮೊದಲ ಕೇಳಿ ಆಮ್ಯಾಲ ಚಾ ಕೊಡಬೇಕಿತ್ರಿ."

"ನಿನಗೇನ ತಿಳೀತೈತಿ? ಡಾಕ್ಟರೇಟ್ ಆದಾಂವ ಹೇಳ್ಯಾನ."

ಮರುದಿನ ಕಟ್ಟೆಯ ಮೇಲೆ ಒಂದು ನಾಯಿ ಸಹಿತ ಇರಲಿಲ್ಲ.

ಕುಬೇರಪ್ಪ ಶಾಲು ಹೊದ್ದು ಹುಡುಕುತ್ತ ಹೊರಟ. ಓಣಿಯ ತುದಿಗೆ, ಬಯಲಿಗೆ ಹತ್ತಿಕೊಂಡು, ಚೌಡವ್ವನ ಮನೆ. ಚೌಡವ್ವ ಗಂಡನಿಲ್ಲದ ಹೆಂಗಸು, ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರಿ ಬದುಕಿದವಳು, ಬಾಯಿಗೆ ಬಾಗಿಲು ಇಲ್ಲದವಳು. ಅವಳ ಕೊಟ್ಟಿಗೆಯ ಮಣ್ಣಿನ ಗೋಡೆ ತೆಂಕಣದ ಬಿಸಿಲಿಗೆ ಮುಖ ಕೊಟ್ಟಿತ್ತು. ಗಾಳಿ ಬರುವ ಕಡೆಗೆ ಹುಲ್ಲಿನ ಬಣವೆ. ಯಾವ ಶಾಸ್ತ್ರವೂ ಇಲ್ಲ. ಎಮ್ಮೆಗೆ ಮೇವು ಹತ್ತಿರವಿರಲಿ ಎಂದು ಅಲ್ಲಿ ಒಟ್ಟಿದ್ದಳು, ಅಷ್ಟೇ. ಗೋಡೆಯ ಮೇಲುಭಾಗದ ತುಂಬ ಸೆಗಣಿಯ ಕುಳ್ಳು ಬಡಿದು ಒಣಗಲು ಬಿಟ್ಟಿದ್ದಳು. ಅದರ ಬುಡದಲ್ಲಿ ಓಣಿಯ ಹಿರಿಯರೆಲ್ಲ ಸಾಲಾಗಿ ಕುಂತು, ಕಂಬಳಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ ಮೈ ಕಾಯಿಸುತ್ತಿದ್ದರು. ಗಂಜಳದ ವಾಸನೆ ಓಣಿಯ ಅರ್ಧದ ತನಕ ಬರುತ್ತಿತ್ತು. ನಿನ್ನೆ ಶೆಕೆ ಅಂದ ಶಿದ್ಲಿಂಗಪ್ಪ ಎಲ್ಲರಿಗಿಂತ ಹೆಚ್ಚು ಬಿಸಿಲು ಬೀಳುವ ಮೂಲೆ ಹಿಡಿದಿದ್ದ.

ಕುಬೇರಪ್ಪ ಅಲ್ಲಿಗೆ ಹೋಗಲಿಲ್ಲ. ಬೇಲಿಯ ಮರೆಯಿಂದ ನೋಡಿ, ಯಾರೂ ನೋಡಲಿಲ್ಲ ಎಂದುಕೊಂಡು ತಿರುಗಿ ಬಂದ. ಎಲ್ಲರೂ ನೋಡಿದ್ದರು. ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಹಿರಿಯರು ಕೂಡುವ ಕಟ್ಟೆಗೆ ಮೊದಲ ವೀಳ್ಯ ಎಂದ ಮೇಲೆ, ಈಗ ವೀಳ್ಯ ಯಾರಿಗೆ? ಎಮ್ಮೆಯ ಕೊಟ್ಟಿಗೆಗೋ?

ನಾಲ್ಕು ದಿನಕ್ಕೆ ಗುದ್ಲೆಪ್ಪ ತಾನೇ ಬಂದ. ರುಮಾಲು ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಮಾಡಿದ.

"ಶುಕ್ರವಾರ ಹಿರೇಕೆರೂರಿಂದ ಬೀಗರ ಬರಾಕತ್ತಾರ್ರಿ ಸಾವಕಾರ್ರ. ಹುಡುಗನ ಅಜ್ಜನ ಬರ್ತಾನಂತ. ಅದಕ್ಕ, ವೀಳ್ಯ ಎಲ್ಲಿ ಹಿಡೀಬೇಕು ಅಂತ ಮಂದಿ ಮಾತಾಡಾಕತ್ತಿದ್ರು..."

"ಕುಂದ್ರು ಗುದ್ಲೆಪ್ಪ. ಮೊದಲ ಚಾ ಕುಡಿ."

ಗುದ್ಲೆಪ್ಪ ಚಹಾದ ಕಡೆ, ಬಲೆ ಕಂಡ ಹಕ್ಕಿಯ ಹಾಗೆ ನೋಡಿದ. ಬೇಡ ಅನ್ನುವ ಹಾಗಿಲ್ಲ. ಕುಡಿದ.

"ಈಗ ಹೇಳು. ಎಲ್ಲಿ ಅಂದ್ರ?"

"ಎಲ್ಲಿ ಅಂದ್ರ... ಅಜ್ಜಾರ ಕಾಲದಿಂದ ನಿಮ್ಮ ಕಟ್ಟಿ ಮ್ಯಾಲ ಅಲ್ರಿ," ಎಂದು ಗುದ್ಲೆಪ್ಪ ಕಪ್ಪು ಕೆಳಗಿಟ್ಟ. ಹೊರಗೆ ಹೋಗುವಾಗ ಅವನ ನಡಿಗೆ ನೋಡಿ ಸರೋಜವ್ವನಿಗೆ ಪಾಪ ಅನ್ನಿಸಿತು.

ಶುಕ್ರವಾರ ಬಂತು. ಕುಬೇರಪ್ಪ ಅಪ್ಪನ ಜರಿಯ ರುಮಾಲು ಸುತ್ತಿದ. ಶುಕ್ರವಾರವೂ ಹೌದು, ಶುಭಕಾರ್ಯವೂ ಹೌದು. ಲಕ್ಷ್ಮಿಗೆ ಎರಡೂ ಕಡೆಯಿಂದ ಹಕ್ಕು ಬಂದಿತ್ತು. ತಾನೇ ಹೋಗಿ ತಾಡಪತ್ರಿಯ ಹಗ್ಗ ಬಿಚ್ಚಿದ. ತಾಡಪತ್ರಿ ಫಟ್ ಎಂದು ಅವನ ಮುಖಕ್ಕೇ ಬಡಿಯಿತು.

ಹಿರೇಕೆರೂರಿನವರು ಬಂದರು. ಹುಡುಗನ ಅಪ್ಪ ಸುಭಾಸ, ಅವನ ಅಣ್ಣತಮ್ಮಂದಿರು, ನಡುವೆ ಬಿಳಿ ಧೋತರದ ಅಜ್ಜ. ಅಜ್ಜ ತೆಳ್ಳಗೆ, ಉಬ್ಬಸದವನು, ಆದರೆ ಮನೆಯ ಮಾತೆಲ್ಲ ಅವನದೇ. ಅವನ ಬಾಯಿಂದ "ಹೆಣ್ಣ ಒಪ್ಪಿಗಿ ಐತಿ" ಎಂಬ ಮಾತು ಬಿದ್ದರೇನೇ ಸಂಬಂಧ. ಎಲ್ಲರೂ ಕಟ್ಟೆಯ ಮೇಲೆ ನೆರಳಿನಲ್ಲಿ ಕುಂತರು. ಮೊದಲಿಗೆ ಚಹಾ ಆಯಿತು.

"ಹೆಂಗ್ರಿ ಅಜ್ಜಾರ, ನಮ್ಮ ಕಟ್ಟಿ?" ಎಂದು ಕುಬೇರಪ್ಪ ಕೇಳಿದ.

ಅಜ್ಜನ ತುಟಿ ಆಗಲೇ ನೇರಳೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಹಿರೇಕೆರೂರಿನಲ್ಲಿಯೂ ಮರ್ಯಾದೆ ಎಂಬುದು ಉಂಟು. "ಬಾ... ಬಾಳ ಹಿತ ಐತ್ರಿ," ಎಂದ.

ಕುಬೇರಪ್ಪ ಎದ್ದು ನಿಂತ. ಅಪ್ಪನ ಹಾಗೆ ಕೆಮ್ಮಿದ. ಕನ್ನಡಿಯ ಮುಂದೆ ತಿಂಗಳುಗಟ್ಟಲೆ ತಿದ್ದಿದ ಮಾತು ಶುರು ಮಾಡಿದ. ಎರಡೂ ಮನೆತನದ ಹಿರಿಮೆ, ತನ್ನ ಅಜ್ಜನ ಕಾಲ, ಅಪ್ಪನ ಕಾಲ, ಕಾಂಪ್ಲೆಕ್ಸಿನ ಕಾಲ. ಕೊಳವೆಯಿಂದ ಗಾಳಿ ಒಂದೇ ಸಮನೆ ಬಂತು. ಮೊದಲು ತಟ್ಟೆಯ ಮೇಲಿನ ಎಲೆಗಳು ಹಾರಿದವು. ಹೆಂಗಸರು ಅವನ್ನು ಅಂಗಳದ ತುಂಬ ಓಡಾಡಿ ಹಿಡಿದರು. ಕುಂಕುಮ ಎದ್ದು ಅಜ್ಜನ ಬಿಳಿ ಮೀಸೆಯ ಮೇಲೆ ಕುಂತಿತು. ಕುಬೇರಪ್ಪನ ರುಮಾಲಿನ ತುದಿ ಬಿಚ್ಚಿ ಅವನ ಬಾಯಿಗೇ ಅಡ್ಡ ಬಂತು. ಅದನ್ನು ಸರಿಸಿ ಮತ್ತೆ ಮಾತಾಡಿದ. ಅಡಿಕೆ ಉರುಳಿದವು. ಅವನು ಇನ್ನೂ ಅಪ್ಪನ ಕಾಲದಲ್ಲಿಯೇ ಇದ್ದ.

ಅಜ್ಜನಿಗೆ ಉಬ್ಬಸ ಏರಿತು. ಕೆಮ್ಮು ಹತ್ತಿತು, ನಿಲ್ಲಲಿಲ್ಲ. ಸುಭಾಸ ಅಪ್ಪನ ಬೆನ್ನು ತಿಕ್ಕಿದ. ಅಜ್ಜ ಏನೋ ಹೇಳಲು ಬಾಯಿ ತೆರೆದ. ಗಾಳಿ ಒಳಗೆ ಹೊಕ್ಕಿತೇ ಹೊರತು ಮಾತು ಹೊರಗೆ ಬರಲಿಲ್ಲ. ಕೈಯಿಂದ ಬೇಡ ಬೇಡ ಎಂಬಂತೆ ಮಾಡಿ ಎದ್ದು ನಿಂತ.

ಸುಭಾಸ ಕೈ ಮುಗಿದ. "ಅಪ್ಪಗ ಆರಾಮಿಲ್ಲದಂಗ ಆಗೇತ್ರಿ. ತಪ್ಪ ತಿಳಕೋಬ್ಯಾಡ್ರಿ. ಮುಂದ ಎಂದರ ಒಂದಿನ ನೋಡೂನು."

ಮುಂದೆ ಎಂದರೆ ಏನು ಎಂಬುದು ಕುಂತವರಿಗೆಲ್ಲ ಗೊತ್ತಿತ್ತು. ವೀಳ್ಯಕ್ಕೆ ಕುಂತು, ಮಾತು ಕೊಡದೆ ಎದ್ದು ಹೋದ ಮೇಲೆ ಆ ಹೆಣ್ಣಿನ ಬಾಗಿಲಿಗೆ ಇನ್ನೊಬ್ಬರು ಬರುವುದು ಕಷ್ಟ. ಬಾಗಿಲ ಮರೆಯಲ್ಲಿ ನೀಲಾಳ ಅವ್ವ ಸೆರಗು ಬಾಯಿಗೆ ಹಿಡಿದಳು. ಗುದ್ಲೆಪ್ಪ ಕುಬೇರಪ್ಪನ ಮುಖ ನೋಡಿದ, ಅಷ್ಟೇ. ಹೊಟ್ಟೆಯಲ್ಲಿ ಚಹಾ ಇದ್ದವನು ಇನ್ನೇನು ಮಾಡಬೇಕು?

ಕುಬೇರಪ್ಪನಿಗೆ ಆ ನೋಟ ತಡೆಯಲಾಗಲಿಲ್ಲ. ಇಡೀ ಥಂಡಿಗಾಲ ಯಾರೂ ಆಡದ ಮಾತು ಕೊನೆಗೆ ಅವನ ಬಾಯಿಂದಲೇ ಬಿತ್ತು.

"ತಡೀರಿ ಅಜ್ಜಾರ. ಇಲ್ಲಿ ಬಾಳ ಥಂಡಿ ಐತಿ."

ಕಟ್ಟೆಗೆ ಕಟ್ಟೆಯೇ ಉಸಿರು ಬಿಟ್ಟಿತು. "ಹೌದ್ರಿ ಹೌದು, ಸತ್ತ ಹೋಗೂವಂಥಾ ಥಂಡಿ," ಎಂದು ಶಿದ್ಲಿಂಗಪ್ಪ ಎಲ್ಲರಿಗಿಂತ ಮೊದಲು ಎದ್ದ.

ಕುಬೇರಪ್ಪ ತಟ್ಟೆ ಎತ್ತಿಕೊಂಡ. ಒಂದು ಕೈಯಲ್ಲಿ ಎಲೆ ಅದುಮಿ ಹಿಡಿದು, ಬಿಚ್ಚಿದ ಜರಿಯ ರುಮಾಲು ಬೆನ್ನ ಹಿಂದೆ ಜೋಲಾಡುತ್ತಿರಲು, ಓಣಿಯ ನಡುವೆ ಹೊರಟ. ಹಿಂದೆ ಬೀಗರು, ಅವರ ಹಿಂದೆ ಹಿರಿಯರು, ಕೊನೆಗೆ ಬಾಯಿ ಮುಚ್ಚಿಕೊಂಡು ನಗುತ್ತ ಹೆಂಗಸರು.

ಚೌಡವ್ವ ಬುಟ್ಟಿಯಲ್ಲಿ ಸೆಗಣಿ ಕಲಸುತ್ತಿದ್ದಳು. ಮೆರವಣಿಗೆ ಬಂದದ್ದು ನೋಡಿ, "ಯಾಕ್ರಿ ಸಾವಕಾರ್ರ, ಯಾರರ ಹೋದ್ರೇನು?" ಎಂದಳು.

"ವೀಳ್ಯ ಐತಿ ಚೌಡವ್ವ. ಇಲ್ಲಿ ಹಿಡೀಬೇಕು."

"ನನ್ನ ಕೊಟ್ಟಗ್ಯಾಗ?"

"ಇಲ್ಲೇ ಹಿರೇರು ಕುಂದರ್ತಾರಲ್ಲ," ಎಂದು ಕುಬೇರಪ್ಪ ತಟ್ಟೆಯನ್ನು ಅವಳ ಮುಂದೆ ಚಾಚಿದ.

ಚೌಡವ್ವ ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು. ಅಜ್ಜನನ್ನು ಗೋಡೆಗೆ ಆನಿಸಿ ಕುಂಡರಿಸಿದಳು. ಬಿಸಿಲು ಅವನ ಎದೆಯ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಕೆಮ್ಮು ತಗ್ಗಿತು, ತುಟಿಗೆ ಬಣ್ಣ ಬಂತು. ಚೌಡವ್ವ ತಟ್ಟೆ ಮುಟ್ಟಿದಳು. ಎಲ್ಲರೂ ಅವಳ ಮಾತಿಗೆ ಕಾದರು.

"ನನಗ ಭಾಷಣ ಬರಂಗಿಲ್ಲ. ಹುಡುಗಿ ಚೊಲೋ ಅದಾಳ, ನನ್ನ ಎಮ್ಮಿ ಒದೀದಂಗ ಹಾಲ ಹಿಂಡ್ತಾಳ. ನಿಮ್ಮ ಹುಡುಗ ದುಡದು ಉಣ್ಣಾಂವ ಇದ್ರ ಹೂಂ ಅನ್ರಿ."

ಅಜ್ಜ ನಕ್ಕ. ಮೀಸೆಯ ಮೇಲಿನ ಕುಂಕುಮ ಉದುರಿತು. "ಹೆಣ್ಣ ಒಪ್ಪಿಗಿ ಐತಿ," ಎಂದ.

ಗುದ್ಲೆಪ್ಪ ರುಮಾಲಿನಿಂದ ಕಣ್ಣು ಒರೆಸಿಕೊಂಡ. ಸಕ್ಕರೆ ಹಂಚಿದರು. ಗಂಡಸರೆಲ್ಲ ಗೋಡೆಯ ಬುಡದಲ್ಲಿ ತಮ್ಮ ತಮ್ಮ ಜಾಗ ಹಿಡಿದರು. ಕುಬೇರಪ್ಪನಿಗೆ ಜಾಗ ಉಳಿದದ್ದು ತುದಿಗೆ, ಎಮ್ಮೆಯ ಗೂಟದ ಪಕ್ಕ. ಕುಂತ. ಆ ವರ್ಷದ ಥಂಡಿಗಾಲದಲ್ಲಿ ಅವನ ಮೈಗೆ ಬಿದ್ದ ಮೊದಲ ಬಿಸಿಲು ಅದು. ಕೀಲುಗಳು ಒಂದೊಂದಾಗಿ ಸಡಿಲಾದವು. ಶಾಲು ತಾನಾಗಿ ಜಾರಿತು. ನಿದ್ದೆ ಬಂದ ಹಾಗಾಯಿತು.

ಆದರೆ ಸಾವಕಾರ ಸಾವಕಾರನೇ. ಮೈ ಬೆಚ್ಚಗಾದೊಡನೆ ಕಣ್ಣು ಬಿಟ್ಟ. ಗೋಡೆಯ ಉದ್ದ ನೋಡಿದ, ಬಣವೆಯ ಜಾಗ ನೋಡಿದ, ಎದುರಿನ ಬಯಲು ನೋಡಿದ. ಎದ್ದು ನಾಲ್ಕು ಹೆಜ್ಜೆ ಆಕಡೆ ಈಕಡೆ ಹಾಕಿ, ಗೋಡೆಯ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತ.

"ಚೌಡವ್ವ, ಈ ಜಾಗಾ ಕೊಡ್ತೀಯೇನು? ಈ ಗೋಡಿ, ಬಣವಿ, ಎಲ್ಲಾ ತಗದು ಹಿರೇರಿಗೆ ಕುಂದರಾಕ ಒಂದು ಚೊಲೋ ಹಾಲ್ ಕಟ್ಟಸ್ತೇನಿ. ಎರಡ ಅಂತಸ್ತ ಸಾಕು."

ಸಾಲಿನಲ್ಲಿ ಕುಂತವರು ಕಂಬಳಿ ಎಳೆದುಕೊಂಡರು. ಚೌಡವ್ವ ಸೆಗಣಿಯ ಬುಟ್ಟಿ ಕಂಕುಳಿಗೆ ಏರಿಸಿಕೊಂಡು ಅವನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು.

"ಮೊದಲ ಆಕಡೆ ಸರೀರಿ ಸಾವಕಾರ್ರ. ನಿಮ್ಮ ನೆರಳ ನನ್ನ ಕುಳ್ಳಿನ ಮ್ಯಾಲ ಬಿದ್ದೈತಿ."

ಕುಬೇರಪ್ಪ ಸರಿದು ನಿಂತ.